ಪುಟ್ಟಿಗೆ ಅಕ್ಕ ಕಲಿಸಿದ ಅಕ್ಷರ

ನಾನು ಚಿಕ್ಕವನಿದ್ದಾಗ ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಮೆಲ್ಲಗೆ ಮಾತನಾಡಿದರೆ ಯಾರಿಗೂ ಕೇಳುತ್ತಿರಲಿಲ್ಲ. ಮನೆಮನೆಯಲ್ಲೂ ರೇಷ್ಮೆ ಮಗ್ಗ. ಬೆಳಕು ಹರಿದದ್ದೇ ಲಾಳಿಯ ಟಕ್‌ಟಕ್ ಸದ್ದು ಶುರು, ಅದರ ಜೊತೆಗೆ ನೆನೆಸಿಟ್ಟ ರೇಷ್ಮೆಯ ಹಸಿ ವಾಸನೆ. ಪಕ್ಕದ ಮನೆಯ ಪುಟ್ಟಿಗೆ ಮಾತ್ರ ಆ ಸದ್ದೆಂದರೇನೆಂದು ಗೊತ್ತಿರಲಿಲ್ಲ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳದು, ಮಾತೂ ಬಾರದು. ಅವರ ಮನೆಯವರು ತಮಿಳು, ಕನ್ನಡ ಎರಡನ್ನೂ ಆಡುತ್ತಿದ್ದರು. ಓದುಬರಹ ಮಾತ್ರ ಯಾರಿಗೂ ಇರಲಿಲ್ಲ.

ನನ್ನ ಅಕ್ಕನಿಗೆ ಕಲಿಸುವುದೆಂದರೆ ನೀರು ಕುಡಿದಷ್ಟು ಸಲೀಸು. ನನಗೆ ಮಗ್ಗಿ ಬಂದದ್ದು ಅವಳಿಂದ. ಬೀದಿಯ ಹೆಂಗಸರಿಗೆ ಬಸ್ಸಿನ ಬೋರ್ಡು ಓದಲು ಬಂದದ್ದೂ ಅವಳಿಂದಲೇ. ಬಾಗಿಲಲ್ಲಿ ಸುಮ್ಮನೆ ಕೂತಿರುತ್ತಿದ್ದ ಪುಟ್ಟಿಯನ್ನು ತೋರಿಸಿ ಒಮ್ಮೆ ಅಪ್ಪ ಹೇಳಿದ: "ದ್ಯಾವ್ರು ನಿಂಗೆ ಕೊಟ್ಟಿರದು ಬಚ್ಚಿಟ್ಕಳಕ್ಕಲ್ಲ ಕಣವ್ವಾ. ಆ ಮಗೀಗೂ ಒಸಿ ಏಳ್ಕೊಡು."

ಅಕ್ಕ ಪುಟ್ಟಿಯ ನಾಲಿಗೆಗೆ ಬೆಲ್ಲದ ಚೂರು ಇಟ್ಟು, ಮರಳಿನಲ್ಲಿ 'ಬೆಲ್ಲ' ಎಂದು ಬರೆದು ತೋರಿಸುತ್ತಿದ್ದಳು. ಬಿಸಿ ಮುದ್ದೆ ಮುಟ್ಟಿಸಿ 'ಬಿಸಿ' ಎಂದು ತಿದ್ದಿಸುತ್ತಿದ್ದಳು. ತಿಂಗಳುಗಟ್ಟಲೆ ಪುಟ್ಟಿ ಬರೀ ಗೀಚಿದಳು. ಒಂದು ಬೆಳಿಗ್ಗೆ ತಾನಾಗಿಯೇ ನಮ್ಮ ಜಗುಲಿಗೆ ಬಂದು, ಇದ್ದಿಲಿನಲ್ಲಿ 'ಬೆಲ್ಲ' ಎಂದು ಬರೆದು ಕೈ ಚಾಚಿದಳು! ಅಕ್ಕ ಒಳಗೆ ಓಡಿ ಇಡೀ ಬೆಲ್ಲದಚ್ಚನ್ನೇ ತಂದುಕೊಟ್ಟಳು. ಆಮೇಲೆ ಪುಟ್ಟಿ ಸ್ಲೇಟು ಹಿಡಿದು ಅಂಗಡಿಗೂ ಹೋಗತೊಡಗಿದಳು. ಅಂಗಡಿಯವನು ಓದಿ ಸಾಮಾನು ಕೊಡುತ್ತಿದ್ದ.

ಅಷ್ಟರಲ್ಲಿ ಪುಟ್ಟಿಯ ಅಪ್ಪ ತೀರಿಕೊಂಡ. ಅವಳ ಅವ್ವ ಮಗಳನ್ನು ಕರೆದುಕೊಂಡು, ತಮಿಳುನಾಡಿನಲ್ಲಿ ಮಗ್ಗ ಇಟ್ಟಿದ್ದ ತನ್ನ ಅಣ್ಣನ ಮನೆಗೆ ಹೊರಟುಹೋದಳು.

ವರ್ಷ ಕಳೆದ ಮೇಲೆ ಅಪ್ಪ, ಅಕ್ಕ, ನಾನು ಅವರನ್ನು ನೋಡಲು ಹೋದೆವು. ಹನೂರು ದಾಟಿದ ಬಸ್ಸು ಬೆಟ್ಟದ ತಿರುವುಗಳಲ್ಲಿ ಏದುಸಿರು ಬಿಡುತ್ತಾ ಹತ್ತಿತು. ಬಿದಿರ ಎಲೆಗಳು ಕಿಟಕಿಗೆ ತಾಗುತ್ತಿದ್ದವು. ಗಡಿಯ ಪಾಲಾರು ಸೇತುವೆ ದಾಟಿ ಮುಂದೆ ಹೋದಾಗ ನಾನು ಅಂಗಡಿಯ ಬೋರ್ಡು ಓದಲು ಹೋಗಿ ಸೋತೆ.

"ಅಕ್ಕಾ, ಒಂದೂ ಓದಕ್ಕಾಯ್ತಿಲ್ವಲ್ಲ?"

ತಮಿಳಿನ ಅಕ್ಷರ ಬೇರೆ ಎಂದು ಅಕ್ಕನಿಗೆ ಗೊತ್ತಿತ್ತು. ಆದರೆ ಪುಟ್ಟಿ ಬರೆದದ್ದನ್ನು ಅಲ್ಲಿ ಯಾರೂ ಓದಲಾರರು ಎಂಬುದು, ಪುಟ್ಟಿ ಊರು ಬಿಟ್ಟಾಗ ಅಕ್ಕನಿಗೆ ಹೊಳೆದಿರಲಿಲ್ಲ. ಈಗ ಅವಳ ಮುಖ ಬಿಳಿಚಿಕೊಂಡಿತು.

ಮಾವನ ಮನೆಯಲ್ಲಿ ಪುಟ್ಟಿ, ಅವನು ನೇಯುತ್ತಿದ್ದ ಮಗ್ಗದ ಪಕ್ಕ ಕೂತು ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. ನಮ್ಮನ್ನು ನೋಡಿದಳು, ನಗಲಿಲ್ಲ. ಹಿಂದಿನ ಗೋಡೆಗೆ ಸುಣ್ಣ ಬಳಿದಿದ್ದರೂ ಅಡಿಯಿಂದ ಇದ್ದಿಲ ಗೆರೆಗಳು ಮಸುಕಾಗಿ ಕಾಣುತ್ತಿದ್ದವು.

"ಅದೇನ್ ಗೀಚ್ತಿದ್ಲೋ ಕಣವ್ವಾ," ಎಂದಳು ಪುಟ್ಟಿಯ ಅವ್ವ. "ಎಲ್ರುನೂ ಎಳ್ಕಂಡೋಗಿ ತೋರುಸ್ತಿದ್ಲು. ಇಲ್ಲಿ ಯಾರ್ಗ್ ಓದಕ್ ಬತ್ತದೆ? ಉಣ್ಣಕ್ಕೂ ಬರ್ನಿಲ್ಲ. ಗ್ವಾಡೆ ಆಳ್ಮಾಡ್ತಳೆ ಅಂತ ನಮ್ಮಣ್ಣ ಒಡ್ದ. ಅವತ್ನಿಂದ ಬರ್ಯದೇ ಬುಟ್ಬುಟ್ಲು."

ಅಕ್ಕ ಬಗ್ಗಿ, ಗೋಡೆಯ ಮೇಲೆ ಬೆರಳಾಡಿಸುತ್ತಾ ಓದಿದಳು. 'ಹೊಟ್ಟೆ ನೋವು.' ಅದರ ಪಕ್ಕದಲ್ಲಿ ಮತ್ತೆ 'ಹೊಟ್ಟೆ ನೋವು.' ಗೋಡೆಯುದ್ದಕ್ಕೂ ಅದೇ.

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಕುಸಿದು ಕೂತಳು.

ಅಕ್ಕ ಒಲೆಯ ಬಳಿಯಿಂದ ಇದ್ದಿಲು ತಂದು ಪುಟ್ಟಿಯ ಬೆರಳುಗಳ ನಡುವೆ ಇಟ್ಟಳು. ಪುಟ್ಟಿ ಬೆಚ್ಚಿ ಮಾವನ ಕಡೆ ನೋಡಿದಳು. ಇದ್ದಿಲನ್ನು ಕೆಳಗೆ ಬಿಟ್ಟು, ಬೆರಳನ್ನು ಲಂಗಕ್ಕೆ ಒರೆಸಿಕೊಂಡು, ಮತ್ತೆ ರಾಟೆ ತಿರುಗಿಸಿದಳು.

"ನಮ್ ಜೊತೇಲಿ ಕಳ್ಸಿ. ನಾನ್ ನೋಡ್ಕತೀನಿ," ಎಂದು ಅಕ್ಕ ಬೇಡಿದಳು.

ಮಾವ ಮಗ್ಗದಿಂದ ತಲೆಯೆತ್ತಲಿಲ್ಲ. "ನೂಲ್ ಸುತ್ತೋರ್ ಯಾರಮ್ಮಾ? ಓಗಿ, ಓಗಿ."

ಅಪ್ಪ ಕೈಮುಗಿದು ಕೇಳಿದ. ಅದೂ ನಡೆಯಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ, "ದ್ಯಾವ್ರು..." ಎಂದು ಏನೋ ಹೇಳಲು ಹೋದ.

"ದ್ಯಾವ್ರ ಸುದ್ದಿ ಬ್ಯಾಡ ಕಣಪ್ಪಾ," ಎಂದಳು ಅಕ್ಕ. "ಮದ್ಲು ಒಟ್ಟೆ ನೋವಾದ್ರೆ ಒಟ್ಟೆ ಇಡ್ಕಂಡು ಅಳ್ತಿದ್ಲು, ಅವ್ವಂಗೆ ತಿಳೀತಿತ್ತು. ಅಳ್ಬ್ಯಾಡ, ಬರ್ದ್ ತೋರ್ಸು ಅಂತ ನಾನೇ ಅಲ್ವಾ ಏಳ್ಕೊಟ್ಟಿದ್ದು?"

ಮುಂದೆ ಪುಟ್ಟಿಯ ಮನೆಯವರು ಅಲ್ಲಿಂದಲೂ ಎಲ್ಲಿಗೋ ಹೋದರಂತೆ. ಅವಳು ಏನಾದಳೋ ನಮಗೆ ತಿಳಿಯಲೇ ಇಲ್ಲ.

ಮಕ್ಕಳೇ, ಈಗ ನೀವು ತಮಿಳು ಬೋರ್ಡಿಗೆ ಮೊಬೈಲು ಹಿಡಿದರೆ ಅದು ಕನ್ನಡವಾಗಿ ಕಾಣುತ್ತದೆ. ನಿಮ್ಮ ತರಗತಿಯ ಕಿವಿ ಕೇಳದ ಹುಡುಗನಿಗೆ ಕೈಸನ್ನೆ ಕಲಿಸಲು ಟೀಚರ್ ಬರುತ್ತಾರೆ. ನೀವು ಅವನ ಜೊತೆ ಕೈಯಲ್ಲೇ ಜಗಳವಾಡುತ್ತೀರಿ. ಅದನ್ನು ನೋಡಿದಾಗೆಲ್ಲ ನನಗೆ ಪುಟ್ಟಿ ನೆನಪಾಗುತ್ತಾಳೆ. ನಿಮ್ಮ ತಲೆ ಬಾಚಿ, ತುತ್ತು ಕೊಟ್ಟು ಸಾಕಿದ ದೊಡ್ಡಜ್ಜಿ ಇದ್ದಾಳಲ್ಲ, ಅವಳೇ ನನ್ನ ಅಕ್ಕ. ನಿಮ್ಮಲ್ಲಿ ಒಬ್ಬರಿಗೂ ಅವಳು ಒಂದಕ್ಷರ ಹೇಳಿಕೊಡಲಿಲ್ಲ. ನೀವು ಪುಸ್ತಕ ತಂದರೆ ಎದ್ದು ಒಳಗೆ ಹೋಗುತ್ತಾಳೆ. ಅವಳಿಗೆ ಓದಲು ಬಾರದು ಎಂದೇ ನೀವೆಲ್ಲ ತಿಳಿದಿದ್ದೀರಿ.