ಕೇಬಲ್ ಮೇಲೆ ಕಾಲಿಟ್ಟ ದೊಡ್ಡವ್ವ

“ಹಂಗಾರ ನೀನ ಬರಿಗಾಲಿಲೆ ಅದರ ಮ್ಯಾಲ ನಿಂದ್ರು. ನಾ ನೀರು ಹಾಕತೇನಿ, ನೋಡೇಬಿಡೂಣು,” ಎಂದು ನಮ್ಮ ದೊಡ್ಡವ್ವ ತುಂಬಿದ ಕೊಡ ಎತ್ತಿಕೊಂಡು ಲೈನ್‌ಮನ್ನನಿಗೆ ಸವಾಲು ಹಾಕಿದಳು.

ಶಲವಡಿಯ ನಮ್ಮ ಓಣಿಯಲ್ಲಿ ಕಂಬದ ತಂತಿ ತೆಗೆದು ನೆಲದೊಳಗೆ ಕೇಬಲ್ ಹಾಕಿ ಎಂಟು ದಿನವಾಗಿತ್ತು. ಅದು ಅವಳ ಹೊಸ್ತಿಲ ಮುಂದೆಯೇ ಹಾದುಹೋಗಿತ್ತು. ಎರೆಮಣ್ಣು ಹಸಿಯಾದರೆ ಕರೆಂಟು ಮೇಲೆ ಬರುತ್ತದೆಂದು ಹೆದರಿ ದೊಡ್ಡವ್ವ ಅಂಗಳಕ್ಕೆ ನೀರು ಹಾಕುವುದನ್ನೇ ಬಿಟ್ಟು, ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದಳು.

ಲೈನ್‌ಮನ್ ನಗುತ್ತ ಚಪ್ಪಲಿ ಬಿಟ್ಟು ನಿಂತ. ಅವಳು ಹೊಸ್ತಿಲ ಮೇಲಿಂದಲೇ ಕೊಡ ಬಗ್ಗಿಸಿದಳು. ಚಳಿಗಾಲದ ಮುಂಜಾನೆಯ ನೀರು ಪಾದಕ್ಕೆ ತಾಗಿದ್ದೇ ತಡ, ಅವನು ಹಲ್ಲು ಕಚ್ಚಿ ಗಡಗಡ ನಡುಗಿದ.

“ಯಪ್ಪಾ, ಕರೆಂಟು ಹಿಡೀತು,” ಎಂದವಳೇ ದೊಡ್ಡವ್ವ ಒಣ ಬಡಿಗೆ ಹಿಡಿದು ಓಡಿಬಂದು, ಅವನನ್ನು ಬಿಡಿಸಲೆಂದು ಬೆನ್ನಿಗೆ ಮೂರು ಏಟು ಹಾಕಿದಳು.

“ಥಂಡಿ ಯವ್ವಾ, ಬರೇ ಥಂಡಿ,” ಎಂದು ಅವನು ಕೈಮುಗಿದ.

“ಮೊದಲನೇ ಏಟಿಗೇ ಹೇಳಾಕ ಏನಾಗಿತ್ತಲೇ ನಿನಗ?”

“ಬಾಯಿ ತಗಿಯೂದ್ರಾಗ ಎರಡನೇದು ಬಿತ್ತಲ್ರಿ.”

ಆಗ ನಾವು ನೋಡಿದೆವು: ದೊಡ್ಡವ್ವ ಅದೇ ಕೇಬಲ್ ಮೇಲಿನ ಹಸಿಮಣ್ಣಿನಲ್ಲಿ ಬರಿಗಾಲಲ್ಲಿ ನಿಂತಿದ್ದಳು.

ಕೇಬಲ್ ಸುರಕ್ಷಿತ ಎಂದು ಲೈನ್‌ಮನ್ ವಾರವಿಡೀ ಹೇಳಿದ್ದರಲ್ಲಿ ನನಗೊಂದು ಮಾತೂ ನೆನಪಿಲ್ಲ. ಸಾವು ಅಲ್ಲಿಯೇ ಇದೆ ಎಂದು ನಂಬಿದ್ದ ಜಾಗಕ್ಕೆ, ಹೆಸರೂ ಗೊತ್ತಿಲ್ಲದ ಒಬ್ಬನಿಗಾಗಿ, ಅವಳು ಕಾಲಕೆಳಗೆ ನೋಡದೆ ಓಡಿದ್ದು ಮಾತ್ರ ಇನ್ನೂ ಕಣ್ಣಮುಂದಿದೆ.