ಹಲಗೆಯಿಂದ ಕಿಟಕಿಯವರೆಗೆ

ಮನೆಯಲ್ಲಿ ಅವಳಿಗೆ ರೇಡಿಯೊ ಎಂದೇ ಹೆಸರು. ಹಾಗೆ ಹೆಸರಿಟ್ಟವರು ಅವಳ ಅತ್ತೆ. ಇಟ್ಟು ಸುಮ್ಮನಾಗದೆ, ಸೊಸೆಯ ಎಳೆಮಗುವನ್ನು ತಮ್ಮ ಮಡಿಲಿಗೆ ಹಾಕಿಕೊಂಡು, ಇಷ್ಟು ಮಾತಾಡುವವಳ ಮಾತು ಕೇಳಲು ಒಂದು ತರಗತಿಯಾದರೂ ಬೇಕು ಎಂದು ಶಿಕ್ಷಕಿಯ ತರಬೇತಿಗೆ ಕಳಿಸಿದವರೂ ಅವರೇ. ಅಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕು.

ಆದರೆ ಹಿಂದಿನ ವರ್ಷ, ಮಕ್ಕಳಿಗೆ ಪಾಠ ಮಾಡಿ ತೋರಿಸುವ ಪರೀಕ್ಷೆಯಲ್ಲಿ ಸೊಸೆ ಫೇಲಾದಳು. ಕಾರಣ ಆ ಬಾಯಿಯೇ. ಪ್ರಶ್ನೆ ಕೇಳುವಳು, ತರಗತಿ ಒಂದು ಗಳಿಗೆ ಸುಮ್ಮನಾದರೆ ಉಸಿರು ಕಟ್ಟಿದಂತಾಗಿ ಉತ್ತರವನ್ನೂ ತಾನೇ ಹೇಳಿಬಿಡುವಳು. ಮಕ್ಕಳಿಗೆ ಉಳಿಯುತ್ತಿದ್ದುದು ಆಕಳಿಸುವ ಕೆಲಸವೊಂದೇ. ಈ ಸಲವೂ ತಪ್ಪಿದರೆ ಇನ್ನೊಂದು ಅವಕಾಶವಿರಲಿಲ್ಲ.

ಈ ವರ್ಷ ಪಾಠದ ಅಭ್ಯಾಸಕ್ಕೆ ಅವಳನ್ನು ಹಾಕಿದ್ದು ನಿವೃತ್ತಿಗೆ ಹತ್ತಿರವಾಗಿದ್ದ ಶಿಕ್ಷಕಿಯೊಬ್ಬರ ತರಗತಿಗೆ. ಮಕ್ಕಳು ಅವರನ್ನು ದೊಡ್ಡ ಟೀಚರ್ ಎನ್ನುತ್ತಿದ್ದರು. ನಿಂತರೆ ಹಲಗೆಯ ಮೇಲಂಚು ಕೈಗೆಟುಕದು, ಆ ಮಾತು ಬೇರೆ. ಕುಂಟುವ ಬೆಂಚುಗಳು, ಕೆಂಪು ಗಾರೆಯ ನೆಲ. ಹಲಗೆಯಿಂದ ಕಿಟಕಿಯವರೆಗೆ ಮಾತ್ರ ನೆಲದ ಬಣ್ಣ ಒಂದು ಪಟ್ಟಿಯಂತೆ ಮಾಸಿತ್ತು. ಮಕ್ಕಳು ಓಡಾಡಿ ಸವೆಸಿರಬೇಕು ಎಂದುಕೊಂಡಳು.

ಅವಳ ಮೊದಲ ಪಾಠ ಕೇಳಿ ದೊಡ್ಡ ಟೀಚರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ಎದುರು ಮಾತಾಡಬಹುದಿತ್ತು.

"ಪ್ರಶ್ನೆ ಕೇಳಿದ್ಮೇಲೆ ಕಿಟಕಿ ತನಕ ನಡ್ಕೊಂಡು ಹೋಗಿ ಬಾಮ್ಮ. ವಾಪಸ್ ಬರೋವರೆಗೂ ಬಾಯಿ ಬಿಡಬೇಡ," ಎಂದರು, ಅಷ್ಟೇ.

ಹುಟ್ಟುಗುಣ ಸುಟ್ಟರೂ ಹೋಗದು. ಅರ್ಧ ದಾರಿಯಲ್ಲೇ ಅವಳ ನಾಲಿಗೆ ಜಾರುತ್ತಿತ್ತು. ಜಾರಿದಾಗಲೆಲ್ಲ ದೊಡ್ಡ ಟೀಚರ್ ಹಿಂದಿನ ಬೆಂಚಿನಿಂದ ಕೆಮ್ಮುವರು. ಕೇಳಿ ಕೇಳಿ ಮಕ್ಕಳೂ ಕೆಮ್ಮಲು ಕಲಿತರು. ಆದರೂ ಒಂದು ದಿನ ಅವಳು ಕಿಟಕಿ ಮುಟ್ಟಿ ತಿರುಗುವಷ್ಟರಲ್ಲಿ ಅಲ್ಲೊಂದು ಇಲ್ಲೊಂದು ಕೈ ಮೇಲೆದ್ದಿತ್ತು. ಆ ಖುಷಿಗೆ ಮನೆಗೆ ಹೋಗಿ ಅತ್ತೆಯ ಕಿವಿ ತೂತು ಬೀಳುವಷ್ಟು ಹೇಳಿದಳು.

ಪರೀಕ್ಷೆಯ ದಿನ ಬಂದಿತು. ಪರೀಕ್ಷಕರು ಗಾಳಿಗೆಂದು ಕುರ್ಚಿ ಹಾಕಿಕೊಂಡದ್ದು ಸರಿಯಾಗಿ ಆ ಕಿಟಕಿಯ ಮುಂದೆಯೇ. ಅವಳು ನಡೆಯಬೇಕಾದ ದಾರಿಯೇ ಮುಚ್ಚಿತ್ತು. ಆ ಹೊತ್ತು ದೊಡ್ಡ ಟೀಚರ್ ಒಳಗಿರುವಂತಿರಲಿಲ್ಲ, ಪರೀಕ್ಷಕರೆದುರು ಕೆಮ್ಮಲು ಮಕ್ಕಳಿಗೂ ಧೈರ್ಯವಿರಲಿಲ್ಲ.

ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗವೋ ಎಂದು ಕೇಳಿದಳು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು, ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ ನಾಲ್ಕನೇ ಒಂದು ಎಂದುಬಿಟ್ಟಳು. ಪರೀಕ್ಷಕರ ಪೆನ್ನು ಮೇಲೆದ್ದಿತು. ಸರಿಯುತ್ತರ ಇವಳ ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು. ಹೌದಾ, ಕಾಗದ ಮಡಚಿ ನೋಡು ಎಂದಷ್ಟೇ ಹೇಳಿ, ತುಟಿ ಬಿಗಿಹಿಡಿದು ಕಿಟಕಿಯತ್ತ ನಡೆದಳು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ತಮ್ಮ ಮೇಲೇ ಬರುತ್ತಿದ್ದ ಅವಳನ್ನು ಕಂಡು ಪರೀಕ್ಷಕರು ಗಾಬರಿಯಿಂದ ಎದ್ದು ಕುರ್ಚಿ ಸರಿಸಿದರು. ಅವಳು ಸರಳು ಹಿಡಿದು ನಿಂತಳು. ಬೆನ್ನ ಹಿಂದೆ ಕಾಗದ ಮಡಚುವ ಸದ್ದು, ಆಮೇಲೆ ಹರಿಯುವ ಸದ್ದು.

"ಟೀಚರ್, ತಪ್ಪು ಹೇಳ್ಬಿಟ್ಟೆ," ಎಂದಳು ಹುಡುಗಿ. "ಜಾಸ್ತಿ ಭಾಗ ಮಾಡಿದ್ರೆ ಚೂರು ಚಿಕ್ಕದಾಗತ್ತೆ. ಮೂರನೇ ಒಂದೇ ದೊಡ್ಡದು."

ಕಿಟಕಿಯಿಂದ ತಿರುಗಿದಾಗ ಅವಳ ಕಣ್ಣು ತುಂಬಿತ್ತು. ಪರೀಕ್ಷಕರು ಹೋಗುವಾಗ ಪಾಸೆಂದು ಹೇಳಿ, ಮುಂದಿನ ಸಲ ಬಾಗಿಲ ಹತ್ತಿರ ಕೂರುತ್ತೇನೆ ಎಂದು ನಕ್ಕರು.

ಅವಳು ಹೊರಗೆ ಓಡಿ ದೊಡ್ಡ ಟೀಚರ್ ಕೈ ಹಿಡಿದುಕೊಂಡಳು. ಈ ಉಪಾಯ ಎಲ್ಲಿಂದ ಹೊಳೆಯಿತು ಎಂದು ಕೇಳಿದಳು. ಅವರು ಅವಳನ್ನು ಒಳಗೆ ಕರೆತಂದು ಮಾಸಿದ ನೆಲ ತೋರಿಸಿದರು.

"ಇದನ್ನ ಸವೆಸಿದ್ದು ಯಾರು ಅಂದ್ಕೊಂಡೆ? ನಿನಗಿಂತ ದೊಡ್ಡ ಬಾಯಿಬಡುಕಿ ಕಣಮ್ಮ ನಾನು."

ರೇಡಿಯೊಗೆ ಮಾತೇ ಹೊರಡಲಿಲ್ಲ. ಆ ಪಟ್ಟಿಯ ಮೇಲೆ ಕಿಟಕಿಯವರೆಗೆ ಹೋಗಿ ಬಂದಳು. ಬಂದ ಮೇಲೂ ಹೊರಡಲಿಲ್ಲ. ಅವರನ್ನು ಗಟ್ಟಿಯಾಗಿ ತಬ್ಬಿಕೊಂಡಳು.