ಗುರುಗ್ರಹದ ಹೆಸರಿಟ್ಟ ಸದ್ದು

ಅಂತರಸಂತೆಯಾಚೆ ಕಾಡಂಚಿನ ಶಾಲೆಯೊಂದರಲ್ಲಿ ನಾನು ವಿಜ್ಞಾನದ ಟೀಚರ್. ಕೋಪ ಮೂಗಿನ ತುದಿಯಲ್ಲಿ, ಜಂಬ ಅದಕ್ಕಿಂತ ಒಂದು ಗೇಣು ಮುಂದೆ. ಗುರುಗ್ರಹದ ಧ್ರುವಗಳ ಮೇಲೆ ಬೆಳಕಿನ ಪರದೆಗಳು ಹೊಳೆಯುತ್ತವೆ, ಅಲ್ಲಿಂದ ಹೊಮ್ಮುವ ರೇಡಿಯೋ ಅಲೆಗಳನ್ನು ಇಲ್ಲೇ ಕೂತು ಕೇಳಬಹುದು ಎಂದು ಓದಿದ್ದೇ ತಡ, ಶಾಲೆಯ ಚಾವಣಿ ಮೇಲೆ ತಂತಿ ಎಳೆದು ಹಳೆಯ ಶಾರ್ಟ್‌ವೇವ್ ರೇಡಿಯೋಗೆ ಜೋಡಿಸಿದೆ. ಟಕ್, ಟಕ್, ಟಕ್. ಬಂದೇ ಬಿಟ್ಟಿತು! ಆ ಅಲೆಗಳು ಸಾಸಿವೆ ಸಿಡಿದಂತೆ ಕೇಳುತ್ತವೆ ಎಂದು ಮಕ್ಕಳಿಗೆ ಹೇಳಿದೆ. ಹಗಲಲ್ಲಿ ಅವು ಸಿಗುವುದು ಅಪರೂಪ ಎಂಬುದನ್ನು ಮಾತ್ರ ಹೇಳಲಿಲ್ಲ.

ಬಿಸಿಯೂಟದ ಅಡುಗೆಯವಳು ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಓರಗೆಯವಳೇ.

"ಮೇಡಮ್ಮೋರೆ, ಸಾಸ್ವೆ ಯಾವತ್ತಾದ್ರೂ ಇಂಗೆ ಒಂದೇ ಸಮ ಸಿಡಿತದಾ? ಇದು ಆನೆ ಬೇಲಿ ಕರೆಂಟು. ನಮ್ಮನೆ ರೇಡಿಯೋದಲ್ಲೂ ಇಂಗೇ ಬತ್ತದೆ."

ಅವಳ ಎರಡು ಎಕರೆ ರಾಗಿ, ಆನೆ ತಡೆಯಲು ಸೆಕೆಂಡಿಗೊಮ್ಮೆ ಕರೆಂಟು ಹರಿಸುವ ಆ ಸೋಲಾರ್ ಬೇಲಿಗೆ ಅಂಟಿಕೊಂಡೇ ಇತ್ತು. ಮಕ್ಕಳು ನಕ್ಕರು. "ನೀನು ಒಲೆ ನೋಡ್ಕೋ ಹೋಗಮ್ಮ," ಎಂದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವವರ ಪೈಕಿ ನಾನು.

ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ ಅದನ್ನು ಕೇಳಿಸಬೇಕಾದ ದಿನ, ಅವರು ಬಂದು ಕೂತ ಹೊತ್ತಿಗೇ ಟಕ್ ಟಕ್ ನಿಂತುಹೋಯಿತು. ಅಡುಗೆಯವಳು ಓಡಿಬಂದಳು.

"ಬೇಲಿ ಸತ್ತೋಗ್ಬುಟ್ಟದೆ ಮೇಡಮ್ಮೋರೆ! ರಾಗಿ ತೆನೆಗೆ ಬಂದದೆ, ವಸಿ ಓಗಿ ನೋಡ್ಕಂಡು ಬತ್ತೀನಿ."

"ಬೇಲಿಗೇನೂ ಆಗಿಲ್ಲ, ಗ್ರಹ ಮರೆಯಾಗಿದೆ ಅಷ್ಟೆ. ಬಂದೋರಿಗೆ ಕಾಫಿ ಕೊಡು."

ಅವಳ ಮಾತೇ ಸರಿ ಎಂದು ಆ ಕ್ಷಣಕ್ಕೆ ನನಗೂ ಗೊತ್ತಾಗಿತ್ತು. ಅಷ್ಟು ಜನರ ಮುಂದೆ ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಅವಳು ಕಾಫಿ ಕೊಟ್ಟಳು, ಲೋಟ ತೊಳೆದಳು, ಮನೆ ತಲುಪುವಾಗ ಆರು ಗಂಟೆ. ಅಷ್ಟರಲ್ಲಿ ಆನೆಗಳು ಹೊಲಕ್ಕೆ ಇಳಿದಾಗಿತ್ತು.

ಮರುದಿನ ಹೋಗಿ ನೋಡಿದೆ. ಕೊಂಬೆ ಬಿದ್ದು ಬೇಲಿಯ ತಂತಿ ಬ್ಯಾಟರಿ ಡಬ್ಬದ ಹತ್ತಿರವೇ ತುಂಡಾಗಿತ್ತು. ಸೇರಿಸಿ ಕಟ್ಟುವುದು ಹತ್ತು ನಿಮಿಷದ ಕೆಲಸ. ರಾಗಿ ಪೂರ್ತಿ ನೆಲ ಕಚ್ಚಿತ್ತು. ನಾಚಿಕೆಯಿಂದ ನಾನು ಭೂಮಿಗಿಳಿದು ಹೋದೆ. ನನ್ನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು.

"ಓದ್ದೋರು ಯೋಳ್ತಾವ್ರೆ ಅಂತ ಸುಮ್ಕಾದೆ. ನಂದೇ ತಪ್ಪು, ಬುಡಿ ಮೇಡಮ್ಮೋರೆ."

ನಾನು "ಹೂಂ" ಅಂದೆ.